ಆಪರೇಷನ್ ಗೆದ್ದ ಹೃದಯ ಮೂರನೇ ದಿನ ಲಯ ತಪ್ಪುವುದೇಕೆ?

ಬೈಪಾಸ್ ಆಪರೇಷನ್ ಚೆನ್ನಾಗಿ ಆಗಿದೆ. ರೋಗಿ ಕುರ್ಚಿಯಲ್ಲಿ ಕೂತು ಗಂಜಿ ಕುಡಿಯುತ್ತಿದ್ದಾರೆ. ನಾಳೆ ಐಸಿಯುನಿಂದ ವಾರ್ಡಿಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿಯೂ ಆಗಿದೆ. ಅಷ್ಟರಲ್ಲಿ ಮಾನಿಟರ್ ಕೂಗಿಕೊಳ್ಳುತ್ತದೆ. 80ರ ಆಸುಪಾಸಿನಲ್ಲಿದ್ದ ಬಡಿತ 140ಕ್ಕೆ ಏರಿದೆ. ಪರದೆಯ ಗೆರೆಯನ್ನು ಹತ್ತಿರದಿಂದ ನೋಡಿದರೆ ಎರಡು ಬದಲಾವಣೆ ಕಾಣುತ್ತವೆ. ಚೂಪಾಗಿ ಮೇಲೇಳುವ ಅಲೆಗಳ ನಡುವಿನ ಅಂತರ ಒಂದೇ ಸಮ ಇಲ್ಲ. ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ದೂರ ದೂರ. ಪ್ರತಿ ಚೂಪಿನ ಮುಂಚೆ ಇರಬೇಕಾದ ಪುಟ್ಟ ಉಬ್ಬು, ಪಿ ಅಲೆ, ಕಾಣೆಯಾಗಿದೆ. ಅದರ ಜಾಗದಲ್ಲಿ ಗೆರೆ ಬರಿದೇ ನಡುಗುತ್ತಿದೆ.

ಇದು ಏಟ್ರಿಯಲ್ ಫಿಬ್ರಿಲೇಷನ್, ಆಸ್ಪತ್ರೆಯವರ ಬಾಯಲ್ಲಿ ಎಎಫ್. ಬೈಪಾಸ್ ಮಾಡಿಸಿಕೊಂಡ ಹತ್ತು ಜನರಲ್ಲಿ ಸುಮಾರು ಮೂವರಿಗೆ ಇದು ಬರುತ್ತದೆ. ಕವಾಟದ ಆಪರೇಷನ್ ಆದರೆ ಹತ್ತರಲ್ಲಿ ನಾಲ್ವರಿಗೆ. ಎರಡನ್ನೂ ಒಟ್ಟಿಗೆ ಮಾಡಿದರೆ ಅರ್ಧದಷ್ಟು ಮಂದಿಗೆ. ಹೊರಗೆ ಕಾಯುವ ಮನೆಯವರಿಗೆ ಮೊದಲು ಬರುವ ಅನುಮಾನ, ಆಪರೇಷನ್ನಿನಲ್ಲೇ ಏನೋ ಎಡವಟ್ಟಾಗಿದೆ ಎಂಬುದು. ಬಹುಪಾಲು ರೋಗಿಗಳ ವಿಷಯದಲ್ಲಿ ಆ ಅನುಮಾನಕ್ಕೆ ಆಧಾರವಿಲ್ಲ. ಹಾಕಿದ ಹೊಸ ರಕ್ತನಾಳದಲ್ಲಿ ರಕ್ತ ಸರಿಯಾಗಿಯೇ ಹರಿಯುತ್ತಿರುತ್ತದೆ. ಗೊಂದಲ ಶುರುವಾಗುವ ಹೊತ್ತನ್ನು ಗಮನಿಸಬೇಕು. ಆಪರೇಷನ್ ಟೇಬಲ್ ಮೇಲೆ ಬರುವುದಕ್ಕಿಂತ ಹೆಚ್ಚಾಗಿ ಇದು ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ಬರುತ್ತದೆ. ಗಾಯಕ್ಕೆ ದೇಹ ಪ್ರತಿಕ್ರಿಯಿಸುವ ಕೆಲಸ ಉತ್ತುಂಗಕ್ಕೇರುವುದೂ ಆಗಲೇ.

ಹೃದಯದ ಲಯ ಹುಟ್ಟುವುದು ಮೇಲಿನ ಕೋಣೆಗಳಲ್ಲಿ ಒಂದಾದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಮೇಲಿನ ಮಹಾಸಿರೆ ಬಂದು ಸೇರುವ ಕಡೆಯಲ್ಲಿರುವ ಸೈನಸ್ ನೋಡ್ ಎಂಬ ಕೋಶಗಳ ಗುಂಪಿನಲ್ಲಿ. ಆರ್ಥರ್ ಕೀತ್ ಮತ್ತು ಆಗಿನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ಮಾರ್ಟಿನ್ ಫ್ಲ್ಯಾಕ್ ಇದನ್ನು 1907ರಲ್ಲಿ ವಿವರಿಸಿದರು. ಫ್ಲ್ಯಾಕ್ ಕಣ್ಣಿಗೆ ಅದು ಮೊದಲು ಬಿದ್ದದ್ದು ನೆಲ ತೋಡಿ ಬದುಕುವ ಮೋಲ್ ಎಂಬ ಪುಟ್ಟ ಪ್ರಾಣಿಯ ಹೃದಯದಲ್ಲಿ. ಅಲ್ಲಿಂದ ಹೊರಟ ವಿದ್ಯುತ್ ಅಲೆ ಎರಡೂ ಕರ್ಣಗಳ ಮೇಲೆ ಹರಡಿ, ಎವಿ ನೋಡ್ ಎಂಬ ನಡುವಿನ ಕೊಂಡಿ ದಾಟಿ, ಕೆಳಗಿನ ಕೋಣೆಗಳಾದ ಕುಕ್ಷಿಗಳಿಗೆ ಇಳಿಯುತ್ತದೆ. ಒಣ ಹುಲ್ಲುಗಾವಲಿಗೆ ಬಿದ್ದ ಬೆಂಕಿಯಂತೆ ಅದು ಮುಂದಕ್ಕೇ ಹೋಗಬೇಕು. ಸುಟ್ಟ ನೆಲಕ್ಕೆ ಹಿಂದಿರುಗಲಾರದು. ಆದರೆ ಹೃದಯದಲ್ಲಿ ಆ ಹುಲ್ಲು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮತ್ತೆ ಬೆಳೆದು ನಿಂತಿರುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಪಟ್ಟಿ ಒದ್ದೆಯಾಗಿದ್ದು ಬೆಂಕಿ ತೆವಳುತ್ತಾ ಸುತ್ತಿಬಂದರೆ, ಹೊರಟ ಜಾಗ ಆಗಲೇ ಹೊಸ ಹುಲ್ಲಿನಿಂದ ತುಂಬಿರುತ್ತದೆ. ಬೆಂಕಿ ಸುತ್ತು ಹಾಕತೊಡಗುತ್ತದೆ, ಒಡೆದು ಹಲವಾಗುತ್ತದೆ. ಎಎಫ್‌ನಲ್ಲಿ ಕರ್ಣದ ಗೋಡೆಯ ಮೇಲೆ ನಡೆಯುವುದು ಇದೇ. ನಿಮಿಷಕ್ಕೆ 350ರಿಂದ 600 ಸಲ ಅಲ್ಲಿ ವಿದ್ಯುತ್ ಮಿಡಿಯುತ್ತದೆ. ಎವಿ ನೋಡ್ ಬಹಳಷ್ಟನ್ನು ತಡೆದುಬಿಡುವುದರಿಂದ ಕುಕ್ಷಿಗಳಿಗೆ ಅದರಲ್ಲಿ ಒಂದು ಪಾಲು ಮಾತ್ರ, ಅದೂ ಅಡ್ಡಾದಿಡ್ಡಿಯಾಗಿ, ತಲುಪುತ್ತದೆ.

ಹಾಗಾದರೆ ಎರಡು ಪ್ರಶ್ನೆ. ಅಲೆ ತೆವಳುವಂಥ ನೆಲ ಎಲ್ಲಿಂದ ಬಂತು? ಮೊದಲ ಕಿಡಿ ಯಾರು ಹಾಕಿದರು?

ನೆಲ ಬಹುಮಟ್ಟಿಗೆ ಆಪರೇಷನ್ನಿಗೆ ಮುಂಚೆಯೇ ಸಿದ್ಧವಾಗಿರುತ್ತದೆ. ವಯಸ್ಸಾದಂತೆ ಕರ್ಣದ ಸ್ನಾಯುಗಳ ನಡುವೆ ನಾರು ಬೆಳೆದು ಕೋಶಕ್ಕೂ ಕೋಶಕ್ಕೂ ಇದ್ದ ಸಂಪರ್ಕ ಸಡಿಲವಾಗುತ್ತದೆ. 17 ದೇಶಗಳ 4657 ಬೈಪಾಸ್ ರೋಗಿಗಳನ್ನು ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಯಸ್ಸು ಹತ್ತು ವರ್ಷ ಏರಿದಾಗಲೆಲ್ಲ ಈ ತೊಂದರೆಯ ಸಾಧ್ಯತೆ ಮುಕ್ಕಾಲು ಪಟ್ಟು ಹೆಚ್ಚುತ್ತಿತ್ತು. ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿ, ಬೊಜ್ಜು, ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇವೆಲ್ಲ ಎಡ ಕರ್ಣವನ್ನು ಹಿಗ್ಗಿಸುತ್ತವೆ. ನಮ್ಮ ದೇಶದ ವಾರ್ಡುಗಳಲ್ಲಿ ಇನ್ನೊಂದು ಕಾರಣವೂ ಇದೆ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಕೆಡಿಸಿ, ಮೂವತ್ತು ನಲವತ್ತರ ವಯಸ್ಸಿಗೇ ಕರ್ಣವನ್ನು ಊದಿಸಿಟ್ಟಿರುತ್ತದೆ. ಅಂಥವರಲ್ಲಿ ಎಷ್ಟೋ ಮಂದಿ ಆಪರೇಷನ್ನಿಗೆ ಬರುವಾಗಲೇ ಎಎಫ್ ಹೊತ್ತು ಬಂದಿರುತ್ತಾರೆ.

ಕಿಡಿಗಳ ಕಥೆ ಇನ್ನೂ ಕುತೂಹಲಕರ. ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸ ವಹಿಸಿಕೊಳ್ಳುವ ಹಾರ್ಟ್-ಲಂಗ್ ಯಂತ್ರದ ಕೊಳವೆ ಹಾಕಲು ಬಲ ಕರ್ಣಕ್ಕೆ ತೂತು ಮಾಡಿ ಹೊಲಿಯಬೇಕು. ಅದೇ ಒಂದು ಗಾಯ. ಹೃದಯವನ್ನು ನಿಲ್ಲಿಸಲು ಪೊಟ್ಯಾಸಿಯಂ ತುಂಬಿದ ತಣ್ಣನೆಯ ದ್ರವ ಹರಿಸುತ್ತಾರೆ. ದಪ್ಪ ಗೋಡೆಯ ಕುಕ್ಷಿಗಳು ಚೆನ್ನಾಗಿ ತಣಿದು ಸುರಕ್ಷಿತವಾಗಿರುತ್ತವೆ. ತೆಳು ಗೋಡೆಯ ಕರ್ಣಗಳು ಬೇಗ ಬಿಸಿಯೇರುವುದರಿಂದ ಅವಕ್ಕೆ ಅಷ್ಟು ರಕ್ಷಣೆ ಸಿಗುವುದಿಲ್ಲ. ಇದೆಲ್ಲ ಯಂತ್ರದ ದೋಷ ಎಂದು ಬಹಳ ಕಾಲ ನಂಬಲಾಗಿತ್ತು. ಆದರೆ ಯಂತ್ರವಿಲ್ಲದೆ, ಬಡಿಯುತ್ತಿರುವ ಹೃದಯದ ಮೇಲೇ ಬೈಪಾಸ್ ಮಾಡಿ ನೋಡಿದ ದೊಡ್ಡ ಪ್ರಯೋಗಗಳಲ್ಲಿ ಎಎಫ್ ಪ್ರಮಾಣ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಹೃದಯವನ್ನೇ ಮುಟ್ಟದ ಶ್ವಾಸಕೋಶದ ಆಪರೇಷನ್ ನಂತರವೂ ಇದು ಬರುತ್ತದೆ. ಹಾಗಾಗಿ ಕಾರಣವನ್ನು ಬೇರೆಡೆ ಹುಡುಕಬೇಕಾಯಿತು.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಉತ್ತರ ಸಿಕ್ಕಿದ್ದು ಹೃದಯದ ಬೆನ್ನ ಹಿಂದೆ. ರೋಗಿ ಅಂಗಾತ ಮಲಗಿರುವಾಗ ಜಿನುಗಿದ ರಕ್ತ ಹೃದಯಾವರಣದ ಹಿಂಭಾಗದ ತಗ್ಗಿಗೆ ಇಳಿದು ನಿಲ್ಲುತ್ತದೆ. ಎದೆಯಲ್ಲಿಟ್ಟ ಟ್ಯೂಬುಗಳು ಎಲ್ಲವನ್ನೂ ಎಳೆದುಕೊಳ್ಳಲಾರವು. ಎಡ ಕರ್ಣ ಮತ್ತು ಶ್ವಾಸಕೋಶದಿಂದ ಬರುವ ಸಿರೆಗಳು ಇರುವುದು ಆ ತಗ್ಗಿನಲ್ಲೇ. ಆ ಸಿರೆಗಳ ಬಾಯಿ ಸಾಮಾನ್ಯ ಜಾಗವಲ್ಲ. ಎಎಫ್ ಹೊತ್ತಿಸುವ ಕಿಡಿಗಳು ಬಹುತೇಕ ಅಲ್ಲಿಂದಲೇ ಏಳುತ್ತವೆ ಎಂದು ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ತಂಡ 1998ರಲ್ಲಿ ತೋರಿಸಿತ್ತು. ಅಂಥ ಜಾಗದ ಪಕ್ಕ ನಿಂತ ರಕ್ತ ಕೆಡತೊಡಗುತ್ತದೆ. ಕೆಂಪು ಕಣಗಳು ಒಡೆಯುತ್ತವೆ, ಬಿಳಿ ಕಣಗಳು ಮುತ್ತಿಕೊಳ್ಳುತ್ತವೆ, ಅವು ಕಾರುವ ರಾಸಾಯನಿಕಗಳು ಕರ್ಣದ ಗೋಡೆಯಲ್ಲಿ ಉರಿಯೂತ ಎಬ್ಬಿಸುತ್ತವೆ. ಊದಿಕೊಂಡ ಗೋಡೆಯಲ್ಲಿ ಅಲೆ ಒಂದೆಡೆ ವೇಗವಾಗಿ, ಇನ್ನೊಂದೆಡೆ ನಿಧಾನವಾಗಿ ಸಾಗುತ್ತದೆ. ಕಿಡಿಯೂ ಅಲ್ಲೇ, ತೆವಳುವ ದಾರಿಯೂ ಅಲ್ಲೇ.

ಹಾಗಿದ್ದರೆ ಆ ರಕ್ತಕ್ಕೆ ಒಂದು ದಾರಿ ಮಾಡಿಕೊಟ್ಟರೆ? ಈ ಯೋಚನೆ 1990ರ ದಶಕದಿಂದಲೂ ಇತ್ತು. ನ್ಯೂಯಾರ್ಕಿನಲ್ಲಿ ಮಾರಿಯೋ ಗೌಡಿನೊ ಮತ್ತು ಸಂಗಡಿಗರು 420 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯಾವರಣದ ಹಿಂಭಾಗದಲ್ಲಿ, ಎಡಗಡೆಗೆ, ನಾಲ್ಕೈದು ಸೆಂಟಿಮೀಟರ್ ಉದ್ದದ ಒಂದು ಸೀಳು; ರಕ್ತ ಅಲ್ಲಿಂದ ಎಡ ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಇಳಿದುಹೋಗುತ್ತದೆ. ಅಷ್ಟರಿಂದಲೇ ಎಎಫ್ ಬಂದವರ ಪ್ರಮಾಣ ಶೇಕಡ 32ರಿಂದ 17ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ದುಬಾರಿ ಉಪಕರಣವಿಲ್ಲ.

ನರಗಳ ಪಾತ್ರವೂ ದೊಡ್ಡದು. ನೋವು, ಆತಂಕ, ರಕ್ತನಷ್ಟ ಸೇರಿ ಅಡ್ರಿನಲಿನ್ ಏರುತ್ತದೆ. ಕರ್ಣದ ಕೋಶಗಳು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತವೆ. ಅಡ್ರಿನಲಿನ್ ಪ್ರಭಾವ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಆಪರೇಷನ್ ಗಡಿಬಿಡಿಯಲ್ಲಿ ಅದು ತಪ್ಪಿಹೋದರಂತೂ ಅಪಾಯ ಇನ್ನೂ ಹೆಚ್ಚು. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಎಎಫ್ ಅಪರೂಪ ಎಂಬುದನ್ನು ಇಲ್ಲಿ ನೆನೆಯಬೇಕು. ಕಸಿಯಾದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ, ಶ್ವಾಸಕೋಶದ ಸಿರೆಗಳ ಬಾಯಿ ಹೊಲಿಗೆಯ ಆಚೆ ಉಳಿದಿರುತ್ತದೆ. ದಾನಿಯ ಹೃದಯ ಸಾಮಾನ್ಯವಾಗಿ ಎಳೆಯದು ಎಂಬುದೂ ಸೇರಿರಬಹುದು.

ಲವಣಗಳ ವಿಷಯದಲ್ಲಿ ಹಳೆಯ ನಂಬಿಕೆಯೊಂದು ಇತ್ತೀಚೆಗೆ ಅಲುಗಾಡಿದೆ. ಮೂತ್ರ ಹೆಚ್ಚಿಸುವ ಔಷಧಗಳಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯುತ್ತವೆ. ತೀರ ಇಳಿದರೆ ಲಯ ಕೆಡುವುದು ನಿಜ. ಅದಕ್ಕಾಗಿ ರಕ್ತದ ಪೊಟ್ಯಾಸಿಯಂ ಲೀಟರಿಗೆ 4.5 ಮಿಲಿಮೋಲ್‌ಗಿಂತ ಕೆಳಗೆ ಹೋಗದಂತೆ ತುಂಬುತ್ತಿರುವುದು ಅನೇಕ ಐಸಿಯುಗಳ ರೂಢಿ. ಬ್ರಿಟನ್ ಮತ್ತು ಜರ್ಮನಿಯ 1690 ಬೈಪಾಸ್ ರೋಗಿಗಳಲ್ಲಿ ಕೆಲವರಿಗೆ ಹಾಗೆ, ಉಳಿದವರಿಗೆ 3.6ಕ್ಕಿಂತ ಇಳಿದಾಗ ಮಾತ್ರ ಕೊಟ್ಟು ನೋಡಿದರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಎಎಫ್ ಬಂತು, ವ್ಯತ್ಯಾಸ ಅತ್ಯಲ್ಪ. ನಮ್ಮಲ್ಲಿ ಮನೆಯವರು ಪ್ರೀತಿಯಿಂದ ಎಳನೀರು ತಂದಿಡುವುದುಂಟು. ಅದರಲ್ಲಿ ಪೊಟ್ಯಾಸಿಯಂ ಹೇರಳ. ಕಿಡ್ನಿ ಸೊರಗಿದ ರೋಗಿಗೆ ಅದೇ ತೊಂದರೆಯಾಗಬಲ್ಲದು, ನರ್ಸನ್ನು ಕೇಳಿಯೇ ಕೊಡಬೇಕು.

ಎಲ್ಲ ಲಯದೋಷವೂ ಎಎಫ್ ಅಲ್ಲ. ಮಹಾಪಧಮನಿಯ ಕವಾಟದ ಪಕ್ಕದಲ್ಲೇ ಕುಕ್ಷಿಗಳಿಗೆ ಹೋಗುವ ವಿದ್ಯುತ್ ತಂತು ಹಾದುಹೋಗುವುದರಿಂದ, ಅಲ್ಲಿ ಹೊಲಿಗೆ ಹಾಕಿದಾಗ ಊತ ಬಂದು ಬಡಿತ ನಿಧಾನವಾಗಬಹುದು. ಆಪರೇಷನ್ ಆದವರ ಎದೆಯ ಕೆಳಗಿಂದ ಹೊರಗೆ ಇಣುಕುವ ಎಳೆತಂತಿಗಳು ಅಂಥ ಹೊತ್ತಿಗೆ ತಾತ್ಕಾಲಿಕ ಪೇಸ್‌ಮೇಕರ್ ಜೋಡಿಸಲೆಂದೇ ಇರುವವು. ಕೆಲವು ದಿನಗಳ ನಂತರ ಮೆಲ್ಲಗೆ ಎಳೆದು ತೆಗೆಯುತ್ತಾರೆ.

ಎಎಫ್ ಬಂದಾಗ ವೈದ್ಯರ ಮುಂದೆ ಎರಡು ದಾರಿ: ಬಡಿತದ ವೇಗ ಇಳಿಸಿ ಕಾಯುವುದು, ಅಥವಾ ಅಮಿಯೊಡರೋನ್‌ನಂಥ ಔಷಧದಿಂದಲೋ ವಿದ್ಯುತ್ ಶಾಕ್‌ನಿಂದಲೋ ಲಯವನ್ನೇ ಸರಿಪಡಿಸುವುದು. 523 ರೋಗಿಗಳಲ್ಲಿ ಎರಡನ್ನೂ ಹೋಲಿಸಿದ 2016ರ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು; ಎರಡು ತಿಂಗಳಾಗುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯ ಲಯ ಸರಿಯಾಗಿತ್ತು. ನಿಜವಾದ ಭಯ ಹೆಪ್ಪಿನದು. ಕರ್ಣ ಸರಿಯಾಗಿ ಸಂಕುಚಿಸದಿದ್ದಾಗ ಅದರ ಎಡಮೂಲೆಯ ಪುಟ್ಟ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಅದು ಮಿದುಳಿಗೆ ಹೋದರೆ ಲಕ್ವ. ಎಎಫ್ ಎರಡು ದಿನ ಮೀರಿ ಉಳಿದರೆ ಹೆಪ್ಪು ತಡೆಯುವ ಔಷಧ ಕೊಡಬೇಕೇ ಎಂದು ವೈದ್ಯರು ಯೋಚಿಸುವುದು ಅದಕ್ಕೇ. ಹೊಸ ಗಾಯದಿಂದ ರಕ್ತ ಒಸರುವ ಅಪಾಯವನ್ನೂ ಅವರು ತೂಗಿನೋಡಬೇಕು.

ಒಮ್ಮೆ ಹೀಗಾದವರಿಗೆ ಮುಂದಿನ ವರ್ಷಗಳಲ್ಲಿ ಎಎಫ್ ಮರಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಎಫ್ ಬಂದಿತ್ತು ಎಂಬ ಸಾಲು ಇದೆಯೇ ನೋಡಿಕೊಂಡು, ಆ ಹಾಳೆಯನ್ನು ಜೋಪಾನವಾಗಿಟ್ಟು, ಮುಂದೆ ಯಾವ ಡಾಕ್ಟರ ಬಳಿ ಹೋದರೂ ತೋರಿಸಬೇಕು. ಮನೆಗೆ ಬಂದ ಮೇಲೆ ಎದೆ ಡವಗುಟ್ಟಿದರೆ, ತಲೆ ಹಗುರವಾದರೆ, ಮಣಿಕಟ್ಟಿನ ನಾಡಿ ಅಡ್ಡಾದಿಡ್ಡಿ ಸಿಕ್ಕಿದರೆ ಅಂದೇ ಒಂದು ಇಸಿಜಿ ಮಾಡಿಸಬೇಕು.