ಸ್ಲೈಡು ಪಾಠಗಳಲ್ಲಿ ವಿದ್ಯಾರ್ಥಿಯ ಪಾತ್ರ: ಪೂರಕ ತಂತ್ರಾಂಶಗಳ ಉಪಯೋಗ ಮತ್ತು ಮಿತಿ

ಕಾಲೇಜಿನ ತರಗತಿಗಳಲ್ಲಿ ಪ್ರೊಜೆಕ್ಟರಿನ ಮೂಲಕ ಸ್ಲೈಡುಗಳನ್ನು ತೋರಿಸಿ ಪಾಠ ಹೇಳುವ ಪದ್ಧತಿ ಈಗ ಸರ್ವಸಾಮಾನ್ಯವಾಗಿದೆ. ಇದರಿಂದ ನಕ್ಷೆ, ಚಿತ್ರ, ಕೋಷ್ಟಕಗಳನ್ನು ಕರಿಹಲಗೆಯ ಮೇಲೆ ಬರೆಯುವ ಕಾಲ ಉಳಿಯಿತೆಂಬುದು ನಿಜ. ಆದರೆ ಲಾಭದೊಡನೆ ಒಂದು ನಷ್ಟವೂ ಬಂದಿದೆ. ಹಲಗೆಯ ಮೇಲೆ ಬರೆಯುವ ಅಧ್ಯಾಪಕನು ನಡುನಡುವೆ ನಿಲ್ಲಲೇಬೇಕಾಗುತ್ತದೆ. ಆ ಬಿಡುವಿನಲ್ಲಿ ವಿದ್ಯಾರ್ಥಿಗೆ ಯೋಚಿಸಲು, ಸಂದೇಹ ಕೇಳಲು ಅವಕಾಶವಿರುತ್ತದೆ. ಸ್ಲೈಡಿಗೆ ಆ ಬಿಡುವು ಬೇಕಿಲ್ಲ. ಗುಂಡಿ ಒತ್ತಿದೊಡನೆ ಮುಂದಿನದು ಬರುತ್ತದೆ. "ಅರ್ಥವಾಯಿತೆ?" ಎಂದು ಕೇಳಿದರೆ ಮುಂದಿನ ಬೆಂಚಿನ ನಾಲ್ವರು ತಲೆಯಾಡಿಸುತ್ತಾರೆ, ಉಳಿದವರ ಮೌನವನ್ನು ನಾವು ಸಮ್ಮತಿಯೆಂದೇ ಭಾವಿಸುತ್ತೇವೆ. ಆ ಮೌನದ ನಿಜವಾದ ಅರ್ಥ ತಿಳಿಯುವುದು ಉತ್ತರಪತ್ರಿಕೆಗಳು ಕೈಗೆ ಬಂದಾಗ. ಆ ವೇಳೆಗೆ ತಿದ್ದುವ ಕಾಲ ಮೀರಿರುತ್ತದೆ.

ಈ ಕೊರತೆಯನ್ನು ತುಂಬುವ ಉದ್ದೇಶದಿಂದ ಹುಟ್ಟಿದವು ಆಡ್-ಇನ್ ಅಥವಾ ಆಡ್-ಆನ್ ಎಂದು ಕರೆಯಲ್ಪಡುವ ಪೂರಕ ತಂತ್ರಾಂಶಗಳು. ಇವು ಏನು, ಹೇಗೆ ಕೆಲಸಮಾಡುತ್ತವೆ, ಇವುಗಳಿಂದ ಎಷ್ಟನ್ನು ನಿರೀಕ್ಷಿಸಬಹುದು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಪವರ್‌ಪಾಯಿಂಟ್ 1987ರಲ್ಲಿ ಮೊದಲು ಮ್ಯಾಕಿಂಟಾಷ್ ಗಣಕಕ್ಕಾಗಿ ಹೊರಬಂದಿತು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಒಬ್ಬನು ನಿಂತು ಹೇಳುವುದು, ಉಳಿದವರು ಕುಳಿತು ನೋಡುವುದು, ಇದೇ ಅದರ ಮೂಲ ಕಲ್ಪನೆ. ಪೂರಕ ತಂತ್ರಾಂಶವು ಈ ಏಕಮುಖ ಹರಿವಿಗೆ ಹಿಮ್ಮುಖವಾದ ಒಂದು ಕಾಲುವೆಯನ್ನು ತೋಡಿಕೊಡುತ್ತದೆ. ಅಧ್ಯಾಪಕನು ತನ್ನ ಸ್ಲೈಡುಗಳ ನಡುವೆ ಒಂದು ಪ್ರಶ್ನೆಯ ಸ್ಲೈಡನ್ನು ಸೇರಿಸುತ್ತಾನೆ. ಆ ಸ್ಲೈಡು ಪರದೆಯ ಮೇಲೆ ಬಂದಾಗ ಒಂದು ಸಂಖ್ಯೆಯೋ ಕ್ಯೂಆರ್ ಕೋಡೋ ಕಾಣಿಸುತ್ತದೆ. ವಿದ್ಯಾರ್ಥಿಗಳು ಅದನ್ನು ತಮ್ಮ ಮೊಬೈಲಿನಲ್ಲಿ ನಮೂದಿಸಿ ಉತ್ತರ ಕೊಡುತ್ತಾರೆ. ಉತ್ತರಗಳು ಅಂತರಜಾಲದ ಮೂಲಕ ದೂರದ ಸರ್ವರನ್ನು ತಲಪಿ, ಅಲ್ಲಿ ಎಣಿಕೆಯಾಗಿ, ಕ್ಷಣಾರ್ಧದಲ್ಲಿ ಸ್ತಂಭನಕ್ಷೆಯ ರೂಪದಲ್ಲಿ ಅದೇ ಸ್ಲೈಡಿನ ಮೇಲೆ ಮೂಡುತ್ತವೆ. ಸ್ಲೊವಾಕಿಯದ ಸ್ಲೈಡೊ, ಸ್ವೀಡನ್ನಿನ ಮೆಂಟಿಮೀಟರ್, ಅಮೆರಿಕದ ಪೋಲ್ ಎವೆರಿವೇರ್ ಮತ್ತು ಪೇರ್ ಡೆಕ್ ಈ ಬಗೆಯವು.

ಇವು ಕೊಡುವ ಸೌಲಭ್ಯಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಒಂದು, ಕೊಟ್ಟ ಉತ್ತರಗಳಲ್ಲಿ ಒಂದನ್ನು ಆಯುವ ಪ್ರಶ್ನೆ. ಎರಡು, ಒಂದೆರಡು ಪದಗಳಲ್ಲಿ ಉತ್ತರ ಬರೆಯುವುದು; ಹೆಚ್ಚು ಮಂದಿ ಬರೆದ ಪದ ಪರದೆಯ ಮೇಲೆ ದೊಡ್ಡದಾಗಿ ಕಾಣುವ 'ಪದಮೇಘ' ಈ ಜಾತಿಗೆ ಸೇರಿದುದು. ಮೂರು, ಹೆಸರು ತೋರಿಸದೆ ಸಂದೇಹಗಳನ್ನು ಕೇಳುವ ಅವಕಾಶ. ಈ ಮೂರರಲ್ಲಿ ಬೋಧನೆಯ ದೃಷ್ಟಿಯಿಂದ ಅತ್ಯಂತ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದು ಮೊದಲನೆಯದು. ಆಶ್ಚರ್ಯವೆಂದರೆ, ಆ ಪರೀಕ್ಷೆ ನಡೆದುದು ಈ ತಂತ್ರಾಂಶಗಳು ಹುಟ್ಟುವುದಕ್ಕೂ ಮೊದಲೇ.

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ ಅವರು, ತಮ್ಮ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸಬಲ್ಲರಾದರೂ ನ್ಯೂಟನ್ನನ ನಿಯಮಗಳ ಬಗೆಗಿನ ಸರಳ ಪ್ರಶ್ನೆಗಳಲ್ಲಿ ತಪ್ಪುತ್ತಾರೆಂಬುದನ್ನು ಕಂಡುಕೊಂಡರು. ಭಾರಿ ಲಾರಿಯೊಂದು ಚಿಕ್ಕ ಕಾರಿಗೆ ಡಿಕ್ಕಿ ಹೊಡೆದಾಗ ಎರಡೂ ಪರಸ್ಪರ ಸಮಾನವಾದ ಬಲವನ್ನು ಪ್ರಯೋಗಿಸುತ್ತವೆ ಎಂಬುದನ್ನು ಮೂರನೆಯ ನಿಯಮವನ್ನು ಬಾಯಿಪಾಠ ಮಾಡಿದವರೂ ಒಪ್ಪಲು ಸಿದ್ಧರಿರಲಿಲ್ಲ. ಆ ಕಾರಣದಿಂದ ಅವರು 1991ರಲ್ಲಿ ಸಹಪಾಠಿಗಳ ಮೂಲಕ ಬೋಧನೆ ಎಂಬ ವಿಧಾನವನ್ನು ಆರಂಭಿಸಿದರು. ಅದರ ಕ್ರಮ ಹೀಗಿದೆ: ಸ್ವಲ್ಪ ಹೊತ್ತು ಪಾಠ ಹೇಳಿ ಒಂದು ಪ್ರಶ್ನೆಯನ್ನು ಒಡ್ಡುವುದು, ಪ್ರತಿಯೊಬ್ಬನೂ ಒಂಟಿಯಾಗಿ ಯೋಚಿಸಿ ಉತ್ತರಿಸುವುದು, ಅನಂತರ ಪಕ್ಕದವನೊಡನೆ ವಾದಿಸಿ ಅವನನ್ನು ಒಪ್ಪಿಸಲು ಯತ್ನಿಸುವುದು, ಮತ್ತೊಮ್ಮೆ ಉತ್ತರಿಸುವುದು, ಕೊನೆಗೆ ಅಧ್ಯಾಪಕನ ವಿವರಣೆ. ಮೊದಲನೆಯ ಸಲ ಸರಿಯುತ್ತರ ಕೊಟ್ಟವರು ಶೇಕಡ 30ಕ್ಕಿಂತ ಕಡಮೆಯಿದ್ದರೆ ವಿಷಯವನ್ನೇ ಮತ್ತೆ ಹೇಳಬೇಕು. 70ಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ವಿವರಿಸಿ ಮುಂದುವರಿಯಬಹುದು. ಇವೆರಡರ ನಡುವೆ ಇದ್ದರೆ ಚರ್ಚೆಯಿಂದ ಹೆಚ್ಚಿನ ಪ್ರಯೋಜನವುಂಟು.

ಈ ಕ್ರಮ ಭೌತಶಾಸ್ತ್ರಕ್ಕೆ ಮಾತ್ರ ಮೀಸಲಾದುದಲ್ಲ. ಕನ್ನಡ ವ್ಯಾಕರಣದಿಂದ ಒಂದು ಉದಾಹರಣೆಯನ್ನು ನೋಡೋಣ. 'ಲೋಪಸಂಧಿ ಎಂದರೇನು?' ಎಂದು ಕೇಳಿದರೆ ಸೂತ್ರ ಬಾಯಿಗೆ ಬಂದವರೆಲ್ಲ ಉತ್ತರಿಸುತ್ತಾರೆ. ಅದರಿಂದ ತಿಳಿವಳಿಕೆಯ ಪರೀಕ್ಷೆಯಾಗುವುದಿಲ್ಲ. ಅದಕ್ಕೆ ಬದಲಾಗಿ, 'ಊರೂರು ಎಂಬಲ್ಲಿ ಆಗಿರುವ ಸಂಧಿ ಯಾವುದು?' ಎಂದು ಕೇಳಿ, ಲೋಪ, ಆಗಮ, ಆದೇಶ, ಸವರ್ಣದೀರ್ಘ ಎಂಬ ನಾಲ್ಕು ಉತ್ತರಗಳನ್ನು ಕೊಡೋಣ. 'ಗುರೂಪದೇಶ'ವನ್ನು ಕಲಿತಿರುವ ವಿದ್ಯಾರ್ಥಿಗೆ ದೀರ್ಘವಾದ ಊಕಾರ ಕಂಡೊಡನೆ ಸವರ್ಣದೀರ್ಘವೆಂದು ತೋರುವುದು ಸಹಜ. ಆದರೆ ಗುರು, ಉಪದೇಶ ಎಂಬಲ್ಲಿ ಎರಡು ಹ್ರಸ್ವಗಳು ಕೂಡಿ ದೀರ್ಘವು ಸಂಧಿಯಿಂದಲೇ ಹುಟ್ಟಿತು; ಊರು, ಊರು ಎಂಬಲ್ಲಿಯಾದರೋ ಎರಡನೆಯ ಪದದ ಮೊದಲಲ್ಲೇ ದೀರ್ಘವಿದ್ದಿತು, ಲೋಪವಾದುದು ಮೊದಲನೆಯ ಪದದ ಕೊನೆಯ ಉಕಾರ. ಮೇಲಾಗಿ, ಸವರ್ಣದೀರ್ಘವು ಸಂಸ್ಕೃತ ಸಂಧಿ; 'ಊರು' ಅಚ್ಚಗನ್ನಡ ಪದ. ತರಗತಿ ಎರಡು ಪಕ್ಷವಾಗಿ ಒಡೆದುದು ಪರದೆಯ ಮೇಲೆ ಕಂಡಾಗ ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ತಮ್ಮತಮ್ಮಲ್ಲಿ ಶೋಧಿಸಿಕೊಳ್ಳಬಲ್ಲರು. ಅನಂತರ 'ಬೇರೂರು' ಎಂಬುದನ್ನು ಕೊಟ್ಟು ಕೇಳಿದರೆ ತಿಳಿದವರಾರು, ಪಕ್ಕದವನ ಮಾತಿಗೆ ತಲೆದೂಗಿದವರಾರು ಎಂಬುದು ಸ್ಪಷ್ಟವಾಗುತ್ತದೆ.

ಇಂಥ ಬೋಧನೆಯ ಫಲವೇನೆಂಬುದಕ್ಕೆ ಸಾಕಷ್ಟು ಆಧಾರವಿದೆ. ಅಮೆರಿಕದ ರಿಚರ್ಡ್ ಹೇಕ್ ಅವರು 1998ರಲ್ಲಿ ಭೌತಶಾಸ್ತ್ರದ 62 ಪಾಠಕ್ರಮಗಳ 6542 ವಿದ್ಯಾರ್ಥಿಗಳ ಅಂಕಿಅಂಶಗಳನ್ನು ಪ್ರಕಟಿಸಿದರು. ಮೊದಲಿಗೆ ತಿಳಿಯದೆ ಉಳಿದಿದ್ದ ಭಾಗದಲ್ಲಿ ಎಷ್ಟನ್ನು ಕಲಿತರೆಂದು ಅಳೆದಾಗ, ಕೇವಲ ಉಪನ್ಯಾಸ ನಡೆದಲ್ಲಿ ಸರಾಸರಿ 0.23, ವಿದ್ಯಾರ್ಥಿಗಳು ಭಾಗವಹಿಸಿದಲ್ಲಿ 0.48 ಎಂದು ಕಂಡುಬಂದಿತು. ವಿಜ್ಞಾನ, ತಂತ್ರಶಾಸ್ತ್ರ, ಗಣಿತ ವಿಷಯಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಫ್ರೀಮನ್ ಮತ್ತು ಅವರ ಸಂಗಡಿಗರು ಮಾಡಿದ ವಿಶ್ಲೇಷಣೆಯಲ್ಲಿ ಅನುತ್ತೀರ್ಣರಾದವರು ಉಪನ್ಯಾಸದ ತರಗತಿಗಳಲ್ಲಿ ಶೇಕಡ 33.8, ಭಾಗವಹಿಸುವಿಕೆಯುಳ್ಳ ತರಗತಿಗಳಲ್ಲಿ ಶೇಕಡ 21.8. ನೂರು ಮಂದಿಯ ತರಗತಿಯಲ್ಲಿ ಹನ್ನೆರಡು ಮಂದಿಯ ಭವಿಷ್ಯ ಈ ಅಂತರದಲ್ಲಿ ಅಡಗಿದೆಯೆಂಬುದನ್ನು ನಾವು ಮರೆಯಲಾಗದು.

ಹಾಗಾದರೆ ಈ ಕೀರ್ತಿ ಉಪಕರಣಕ್ಕೆ ಸಲ್ಲಬೇಕೆ? ಸಲ್ಲದು. ನಥಾನಿಯಲ್ ಲಾಸ್ರಿ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದು ತಂಡ ವಿದ್ಯುನ್ಮಾನ ಉಪಕರಣದಿಂದಲೂ ಮತ್ತೊಂದು ತಂಡ ಬರಿಯ ರಟ್ಟಿನ ಚೀಟಿಗಳನ್ನೆತ್ತಿ ತೋರಿಸುವುದರಿಂದಲೂ ಉತ್ತರಿಸಿದಾಗ, ಕಲಿಕೆಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಕಲಿಸಿದುದು ಪ್ರಶ್ನೆ ಮತ್ತು ಚರ್ಚೆ. ಉಪಕರಣ ಅವುಗಳ ವಾಹನಮಾತ್ರ. ಆದರೂ ವಾಹನಕ್ಕೆ ತನ್ನದೇ ಆದ ಗುಣವುಂಟು. ಉತ್ತರಗಳನ್ನು ಅದು ತಾನೇ ಎಣಿಸುತ್ತದೆ, ದಾಖಲೆಯಾಗಿ ಉಳಿಸುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಜನರೆದುರು ತಪ್ಪಾದೀತೆಂದು ಬಾಯಿ ತೆರೆಯದ ವಿದ್ಯಾರ್ಥಿಗೆ ಮರೆಯನ್ನು ಒದಗಿಸುತ್ತದೆ. ಹಳ್ಳಿಯಿಂದ ಬಂದು ದೊಡ್ಡ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಈ ಮರೆ ಸಣ್ಣ ಉಪಕಾರವಲ್ಲ.

ಕನ್ನಡದಲ್ಲಿ ಇವನ್ನು ಬಳಸುವವರು ಎರಡು ವಿಶೇಷ ತೊಡಕುಗಳನ್ನು ಗಮನಿಸಬೇಕು. ಮೊದಲನೆಯದು ಲಿಪಿಗೆ ಸಂಬಂಧಿಸಿದುದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದ್ದರೂ, ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಪಾಠಗಳು ನಮ್ಮಲ್ಲಿ ಹೇರಳವಾಗಿವೆ. ಅಧ್ಯಾಪಕನ ಗಣಕದಲ್ಲಿ ಅವು ಚೆನ್ನಾಗಿಯೇ ಕಾಣುತ್ತವೆ. ಆ ಅಕ್ಷರಶೈಲಿಯಿಲ್ಲದ ವಿದ್ಯಾರ್ಥಿಯ ಮೊಬೈಲಿನಲ್ಲಿ ಮಾತ್ರ ರೋಮನ್ ಅಕ್ಷರಗಳ ಗೋಜಲಾಗುತ್ತವೆ. ಆದುದರಿಂದ ಪ್ರಶ್ನೆಗಳನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಅಗತ್ಯ. ಎರಡನೆಯದು ಭಾಷೆಯ ಸ್ವಭಾವಕ್ಕೆ ಸಂಬಂಧಿಸಿದುದು. ಕಾವ್ಯಭಾಗವೊಂದರ ಆಶಯವೇನೆಂದು ಕೇಳಿದಾಗ ಒಬ್ಬನು 'ತ್ಯಾಗ' ಎಂದೂ, ಇನ್ನೊಬ್ಬನು 'ತ್ಯಾಗವು' ಎಂದೂ, ಮತ್ತೊಬ್ಬನು 'ತ್ಯಾಗದ' ಎಂದೂ ಬರೆಯಬಹುದು. ಅಕ್ಷರರೂಪವನ್ನಷ್ಟೇ ಹೋಲಿಸುವ ಪದಮೇಘ ಇವನ್ನು ಮೂರು ಬೇರೆ ಪದಗಳೆಂದೇ ಎಣಿಸುತ್ತದೆ. ಇಡೀ ತರಗತಿಯ ಒಮ್ಮತ ಪರದೆಯ ಮೇಲೆ ಭಿನ್ನಮತವಾಗಿ ತೋರುತ್ತದೆ. ವಿಭಕ್ತಿಪ್ರತ್ಯಯವಿಲ್ಲದೆ ಪ್ರಕೃತಿಯನ್ನಷ್ಟೇ ಬರೆಯುವಂತೆ ಮೊದಲೇ ಸೂಚಿಸಿದರೆ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಎಲ್ಲ ವಿದ್ಯಾರ್ಥಿಗಳಲ್ಲೂ ಮೊಬೈಲಿರುವುದಿಲ್ಲ, ಎಲ್ಲ ಕೊಠಡಿಗಳಲ್ಲೂ ಅಂತರಜಾಲ ದೊರೆಯುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. ಪ್ಲಿಕರ್ಸ್ ಎಂಬ ಸಾಧನದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿರುವುದು ಮುದ್ರಿತ ಕಾಗದ ಮಾತ್ರ. ಚೌಕಾಕಾರದ ಚಿಹ್ನೆಯ ಯಾವ ಅಂಚು ಮೇಲಿದೆಯೆಂಬುದೇ ಉತ್ತರ. ಅಧ್ಯಾಪಕನು ತನ್ನ ಒಂದೇ ಮೊಬೈಲಿನ ಕ್ಯಾಮೆರವನ್ನು ತರಗತಿಯ ಕಡೆ ತಿರುಗಿಸಿ ಎಲ್ಲವನ್ನೂ ಓದಿಕೊಳ್ಳುತ್ತಾನೆ. ಅದೂ ಇಲ್ಲದಿದ್ದಲ್ಲಿ, ಒಂದರಿಂದ ನಾಲ್ಕರವರೆಗೆ ಅಂಕೆ ಬರೆದ ರಟ್ಟಿನ ಚೀಟಿಗಳು ಸಾಕೆಂಬುದನ್ನು ಲಾಸ್ರಿಯವರ ಅಧ್ಯಯನ ತೋರಿಸಿಕೊಟ್ಟಿದೆ. ಮೊಬೈಲಿಲ್ಲದವನು ತರಗತಿಯಲ್ಲಿ ಲೆಕ್ಕಕ್ಕೆ ಬಾರದವನಾಗುವ ವ್ಯವಸ್ಥೆಗಿಂತ ರಟ್ಟೇ ಮೇಲು.

ಕೊನೆಯದಾಗಿ ಒಂದೆರಡು ಎಚ್ಚರಿಕೆಯ ಮಾತು. ಒಂದು ಗಂಟೆಯ ಪಾಠಕ್ಕೆ ಎರಡು ಮೂರು ಪ್ರಶ್ನೆಗಳು ಸಾಕು. ಹೆಚ್ಚಾದರೆ ಅದು ಪಾಠವಾಗದೆ ಆಟವಾಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯಲಾಗದು. ಕಳೆದರೆ ವಿದ್ಯಾರ್ಥಿ ತನ್ನ ಉತ್ತರ ಬಿಟ್ಟು ಪಕ್ಕದವನ ಉತ್ತರವನ್ನೇ ಒತ್ತುತ್ತಾನೆ. ಮೊದಲನೆಯ ಎಣಿಕೆಯನ್ನು ಚರ್ಚೆಗೆ ಮುಂಚೆ ತೋರಿಸದಿರುವುದು ಒಳ್ಳೆಯದು. ತೋರಿಸಿದರೆ ಬಹುಮತದ ಕಡೆಗೆ ವಾಲುವವರೇ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯ ಮೇಲೆ ಬಂದ ಉತ್ತರವನ್ನು ನೋಡಿ ಪಾಠದ ದಾರಿಯನ್ನು ಬದಲಿಸುವ ಸಿದ್ಧತೆ ನಮ್ಮಲ್ಲಿರಬೇಕು. ಅರ್ಧ ತರಗತಿ ತಪ್ಪಿದೆಯೆಂದು ಕಂಡ ಮೇಲೂ ಸಿದ್ಧಪಡಿಸಿ ತಂದ ಮುಂದಿನ ಸ್ಲೈಡಿಗೇ ಹೋಗುವುದಾದರೆ, ಕೇಳದೆ ಇದ್ದುದಕ್ಕೂ ಕೇಳಿದುದಕ್ಕೂ ಭೇದವೇನು? ತಂತ್ರಾಂಶವು ವಿದ್ಯಾರ್ಥಿಯ ಮೌನವನ್ನು ಮುರಿಯಬಲ್ಲದು. ಅವನು ಆಡಿದ ಮಾತಿಗೆ ಕಿವಿಗೊಡುವ ಕೆಲಸ ಅಧ್ಯಾಪಕನದಾಗಿಯೇ ಉಳಿಯುತ್ತದೆ.