ಕುಮಟೆಯ ಪೇಟೆಯಲ್ಲಿ ಎರಡು ದಿನ

ನಮ್ಮವರ ಪ್ರವಾಸದ ಪಟ್ಟಿಯಲ್ಲಿ ಕುಮಟೆಗೆ ಪ್ರತ್ಯೇಕ ಸ್ಥಳವಿಲ್ಲ. ಗೋಕರ್ಣಕ್ಕೆ ಹೋಗುವವರು ಅದನ್ನು ದಾಟಿ ಹೋಗುತ್ತಾರೆ. ಮುರುಡೇಶ್ವರಕ್ಕೆ ಹೊರಟವರು ಅದನ್ನು ಬಸ್ಸಿನ ಕಿಟಕಿಯಿಂದ ಕಂಡು ಮರೆಯುತ್ತಾರೆ. ಶಿರಸಿಯಿಂದ ದೇವಿಮನೆ ಘಟ್ಟವನ್ನಿಳಿದು ಬಂದವರಿಗೆ ಅದು ಚಹ ಕುಡಿದು ಕಾಲು ಸಡಿಲಿಸುವ ಒಂದು ನಿಲ್ದಾಣ. ಇಲ್ಲಿ ನೋಡತಕ್ಕದ್ದು ಏನಿದೆ ಎಂದು ಕೇಳಿದರೆ ಊರಿನವರೇ ಮಿರ್ಜಾನಿನ ಕೋಟೆಯನ್ನೋ ಯಾಣದ ಬಂಡೆಗಳನ್ನೋ ಹೆಸರಿಸಿ ನಮ್ಮನ್ನು ಊರಿನಿಂದಾಚೆಗೆ ಸಾಗಹಾಕುವರು. ಆದರೆ ಉಣ್ಣತಕ್ಕದ್ದು ಏನಿದೆ, ಕೊಳ್ಳತಕ್ಕದ್ದು ಏನಿದೆ ಎಂದು ಕೇಳಿ ನೋಡಬೇಕು. ಆಗ ಮಾತು ಅಷ್ಟು ಬೇಗ ಮುಗಿಯುವುದಿಲ್ಲ.

ಹೋಗುವುದಾದರೆ ಏಪ್ರಿಲ್ ತಿಂಗಳ ಕೊನೆಯಲ್ಲಿ ಹೋಗಬೇಕು. ಬಿಸಿಲು ಕಠೋರವೆಂಬುದು ನಿಜ. ಕಡಲಿನ ಗಾಳಿ ಬೀಸಿದರೂ ಅಂಗಿ ಮೈಗಂಟುವುದು ತಪ್ಪುವುದಿಲ್ಲ. ಆದರೆ ಈ ಸೀಮೆಯ ಒಳ್ಳೆಯ ವಸ್ತುಗಳೆಲ್ಲ ಪೇಟೆಗೆ ಬಂದು ಸೇರುವುದು ಆ ಕೆಲವು ವಾರಗಳಲ್ಲೇ. ಅಳಿವೆಯ ಉಪ್ಪು, ಮರಳಿನ ಈರುಳ್ಳಿ, ನೆರೆಯ ಅಂಕೋಲೆಯ ಮಾವು, ಮನೆಮನೆಯ ಹಲಸಿನ ಹಪ್ಪಳ, ಇವೆಲ್ಲ ಮಳೆಗಾಲದೊಡನೆ ಪಂದ್ಯ ಕಟ್ಟಿ ಓಡುವ ಸರಕುಗಳು. ಜೂನ್ ಬಂದಿತೆಂದರೆ ಬೀದಿಯ ಅರ್ಧ ಅಂಗಡಿ ತಾನಾಗಿಯೇ ಎದ್ದುಹೋಗುವುದು.

ಬೆಳಗಿನ ಫಲಾಹಾರದಿಂದಲೇ ಆರಂಭಿಸೋಣ. ಕುಮಟೆಯ ಹೋಟೆಲಿನ ಫಲಕದ ಮೇಲೆ ಇಡ್ಲಿ, ದೋಸೆಗಳ ಪಕ್ಕದಲ್ಲಿ ಮಿಸಳ್ ಎಂಬ ಹೆಸರನ್ನು ಕಂಡು ಬೆಂಗಳೂರಿನಿಂದ ಬಂದವನು ಒಂದು ಕ್ಷಣ ತಡೆಯುತ್ತಾನೆ. ನಾವು ಕೇಸರಿಬಾತು ಎನ್ನುವುದು ಇಲ್ಲಿ ಶಿರಾ. ಅದೇ ಮೇಜಿಗೆ ದಕ್ಷಿಣದ ಕಡೆಯಿಂದ ಬಂದ ಬಾಳೆಹಣ್ಣಿನ ಬನ್ಸ್ ಬರುತ್ತದೆ. ಚರಿತ್ರೆಯ ಅಧ್ಯಾಪಕರು ಇದನ್ನು ತಿನ್ನುವ ಮುನ್ನ ಒಂದಿಷ್ಟು ವಿವರಿಸಬಹುದು. ಕನ್ನಡ ಜಿಲ್ಲೆಯು ಮೊದಲು ಇಡಿಯಾಗಿ ಮದರಾಸು ಆಧಿಪತ್ಯದಲ್ಲಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿದರು. 1956ರಲ್ಲಿ ಅದು ವಿಶಾಲ ಮೈಸೂರಿಗೆ ಬಂದಿತು. ಆಡಳಿತಗಾರರು ಎಳೆದ ಗೆರೆಗಳು ಭೂಪಟದಿಂದ ಅಳಿದಿವೆ. ಅಡುಗೆಯ ಮನೆಯಲ್ಲಿ ಮಾತ್ರ ಮುಂಬಯಿ ಇನ್ನೂ ಒಲೆಯ ಮೇಲಿದೆ.

ಮನೆಗಳ ಅಡುಗೆಯಂತೂ ಬೇರೆಯೇ ಪ್ರಪಂಚ. ಹವ್ಯಕರ ಮನೆಯಲ್ಲಿ ತೆಳ್ಳೇವಿನ ಮೇಲೆ ಜೋನಿಬೆಲ್ಲ ಸುರಿಯುತ್ತಾರೆ. ಈ ಬೆಲ್ಲ ಅಚ್ಚಿಗೆ ಬಾರದ, ಜೇನಿನಂತೆ ಹರಿಯುವ ಬೆಲ್ಲ, ಪೇಟೆಯಲ್ಲಿ ಡಬ್ಬಗಳಲ್ಲಿ ದೊರೆಯುತ್ತದೆ. ಮಧ್ಯಾಹ್ನಕ್ಕೆ ಅಪ್ಪೆಹುಳಿ. ಮಾವಿನ ಮಿಡಿಯ ಈ ತಿಳಿಸಾರನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟಕ್ಕೆ ಹಾಕಿ ಕುಡಿಯುವುದೇ ಹೆಚ್ಚು. ಕುಡಿದ ಮೇಲೆ ನಿದ್ರೆ ಬರುವುದೆಂದು ಎಲ್ಲರೂ ಹೇಳುವರು, ಬರುವುದೂ ನಿಜ. ಸಾರಸ್ವತರ ಮನೆಯ ದಾಳಿತೋವೆಯಲ್ಲಿ ಇಂಗಿನ ಒಗ್ಗರಣೆಯೇ ಪ್ರಧಾನ. ಪೇಟೆಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಕನ್ನಡ, ಕೊಂಕಣಿ, ಹಾಲಕ್ಕಿಗಳ ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ. ಚೌಕಾಶಿ ಮಾತ್ರ ಎಲ್ಲದರಲ್ಲಿಯೂ ಒಂದೇ.

ಈ ಪೇಟೆಗೊಂದು ಹಳೆಯ ವೈಭವವೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಇಲ್ಲಿಗೆ ಬಂದು ಹಡಗು ಹತ್ತುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ನಿಂತಾಗ ಇಲ್ಲಿಯ ಸರಕಿಗೆ ಬಂಗಾರದ ಬೆಲೆ ಬಂದಿತು. ಆ ಹತ್ತಿಗೆ ಪ್ರಪಂಚದ ಮಾರುಕಟ್ಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟೆಯ ನೆಲದಲ್ಲಿ ಬೆಳೆಯದ ಸರಕು ಕುಮಟೆಯ ಹೆಸರಿನಲ್ಲಿ ಪ್ರಸಿದ್ಧಿಗೆ ಬಂದಿತು! 1880ರ ದಶಕದಲ್ಲಿ ರೈಲುಮಾರ್ಗ ಮರ್ಮಗೋವೆಯ ಕಡೆ ತಿರುಗಿತು. ಹತ್ತಿ ಅದರ ಹಿಂದೆಯೇ ಹೋಯಿತು. ಎರವಲು ಕೀರ್ತಿ ಅಷ್ಟೇ ದಿನ. ಕುಮಟೆಗೆ ರೈಲು ಬಂದದ್ದು ಕೊಂಕಣ ರೈಲ್ವೆಯ ಕಾಲಕ್ಕೆ; ಆ ಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ. ಅಷ್ಟರಲ್ಲಿ ಸಾಗಿಸಲು ಹತ್ತಿ ಇರಲಿಲ್ಲ.

ಈಗ ಇಲ್ಲಿಯ ಹೆಸರು ಹೊತ್ತು ನಿಂತಿರುವುದು ಈರುಳ್ಳಿ, ಮತ್ತು ಅದು ಇಲ್ಲಿಯದೇ ಮಣ್ಣಿನದು. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಗಳ ಮರಳುಗದ್ದೆಯಲ್ಲಿ ಮಳೆಗಾಲದ ಭತ್ತ ಕೊಯ್ದ ಬಳಿಕ ಇದನ್ನು ಹಾಕುತ್ತಾರೆ. ಕಿತ್ತ ಮೇಲೆ ಒಣಗಿದ ಎಲೆಗಳನ್ನು ಹೆಂಗಸರ ಜಡೆಯಂತೆ ಹೆಣೆದು ಗೊಂಚಲು ಕಟ್ಟಿ, ಹೆದ್ದಾರಿಯ ಬದಿಯ ಚಪ್ಪರಗಳಲ್ಲಿ ಸಾಲಾಗಿ ತೂಗುಬಿಡುತ್ತಾರೆ. ನಸುಗೆಂಪು ಬಣ್ಣದ ಆ ತೋರಣಗಳನ್ನು ದೂರದಿಂದ ಕಂಡರೆ ಊರಿನಲ್ಲೇನೋ ಮದುವೆಯೆಂದು ಭ್ರಮೆಯಾಗುವುದು. ಖಾರವೆಂಬುದು ಹೆಸರಿಗಷ್ಟೇ, ಹೆಚ್ಚಿದರೆ ಕಣ್ಣೀರಿಲ್ಲ, ಹಸಿಯಾಗಿ ಕಡಿದರೆ ಸಿಹಿ. ಬೀಜವನ್ನು ರೈತರು ತಾವೇ ಕಾಪಾಡಿಕೊಂಡು ಬಂದಿದ್ದಾರೆ. ನಾನು ಕಂಡಂತೆ ಕೊಳ್ಳುವವರಲ್ಲಿ ಹೆಚ್ಚಿನವರು ಕಾರಿನಿಂದ ಇಳಿಯುವುದೇ ಇಲ್ಲ. ಗಾಜು ಇಳಿಸಿ, ದರ ಕೇಳಿ, ಹೆಚ್ಚಾಯಿತೆಂದು ಮುಖ ಸಿಂಡರಿಸಿ, ಕೊನೆಗೆ ಎರಡು ಗೊಂಚಲು ಒಳಗೆ ಎಳೆದುಕೊಳ್ಳುತ್ತಾರೆ. ಇಳಿದು ನಿಂತು ಐದು ನಿಮಿಷ ಮಾತನಾಡಿದರೆ ಆ ಹೆಣಿಗೆಯ ಹದವನ್ನಾದರೂ ಕಣ್ಣಾರೆ ನೋಡಬಹುದಾಗಿತ್ತು.

ಅಂಕೋಲೆಯ ಕರಿ ಈಶಾಡು ಮಾವಿನ ಮಾತು ಇದಕ್ಕೆ ವಿರುದ್ಧ. 2023ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಆದರೆ ಸಿಪ್ಪೆ ಎಷ್ಟು ತೆಳುವೆಂದರೆ ಆ ಹಣ್ಣು ದೂರದ ಪ್ರಯಾಣವನ್ನು ಸಹಿಸುವುದಿಲ್ಲ. ಬುಟ್ಟಿಯ ಮುಂದೆ ಕುಳಿತು ತಿಂದವನಿಗೇ ಅದರ ಭಾಗ್ಯ.

ತರಕಾರಿಯ ಸಾಲಿನಲ್ಲಿ ಹಾಲಕ್ಕಿ ಹೆಂಗಸರನ್ನು ಯಾರೂ ತೋರಿಸಿಕೊಡಬೇಕಾಗಿಲ್ಲ. ಕೊರಳು ತುಂಬಿದ ಮಣಿಸರಗಳೇ ಹೇಳುವುವು. ಬಸಳೆ, ಹರಿವೆ, ಮೊಗೆಕಾಯಿ, ಎಲ್ಲವೂ ಅವರದೇ ಹಿತ್ತಲಿನ ಬೆಳೆ. ಗುಡಿಗಾರರ ಗಂಧದ ಕೆತ್ತನೆಯೂ ಈ ಊರಿಗೆ ಕೀರ್ತಿ ತಂದ ವಸ್ತು; ಮರದ ಬೆಲೆ ಗಗನಕ್ಕೇರಿರುವುದರಿಂದ ನೋಡಿ ಸಂತೋಷಪಡುವವರೇ ಬಹಳ. ನಾನೂ ಆ ಗುಂಪಿನವನೇ.

ಮೀನಿನ ಪೇಟೆಗೆ ಬರೋಣ. ಮೀನು ತಿನ್ನದವರೂ ಒಮ್ಮೆ ಒಳಹೊಕ್ಕು ಬರಬೇಕು. ಬಂಗುಡೆ, ತಾರ್ಲೆ, ಇಸ್ವಾಣಗಳು ಎಲ್ಲ ಕರಾವಳಿಯ ಪೇಟೆಗಳಲ್ಲಿಯೂ ಉಂಟು. ಇಲ್ಲಿ ನೋಡಬೇಕಾದದ್ದು ಮೂಲೆಯಲ್ಲಿ ರಾಶಿ ಹಾಕಿರುವ ಬಳಚು, ಚಿಪ್ಪಿನ ಮೀನು. ಸಮುದ್ರದ ಇಳಿತದ ಹೊತ್ತಿನಲ್ಲಿ ಅಘನಾಶಿನಿಯ ಅಳಿವೆಯ ಕೆಸರು ಬಯಲಾದಾಗ ಗಂಡಸರು ಹೆಂಗಸರೆನ್ನದೆ ಸೊಂಟ ಬಗ್ಗಿಸಿ ಇದನ್ನು ಆಯುತ್ತಾರೆ. ದೋಣಿ ಬೇಡ, ಬಲೆ ಬೇಡ, ಬಂಡವಾಳ ಬೇಡ; ಬೇಕಾದದ್ದು ಬೆನ್ನಿನ ಗಟ್ಟಿತನ, ಅಷ್ಟೆ. ತೆಂಗಿನತುರಿ ಹಾಕಿ ಮಾಡಿದ ಇದರ ಪಲ್ಯ ಬಡವರ ಮನೆಯ ಹಬ್ಬ. ತಿಂದು ಉಳಿದ ಚಿಪ್ಪನ್ನು ಹಿಂದೆ ಸುಟ್ಟು ಮನೆಗೆ ಸುಣ್ಣ ಮಾಡುತ್ತಿದ್ದರು.

ಈ ಬಳಚಿನ ರಾಶಿಯ ಹಿಂದೆ ಒಂದು ನದಿಯ ಕತೆಯಿದೆ. ಕುಮಟೆಯಿಂದ ದಕ್ಷಿಣಕ್ಕೆ ಇಪ್ಪತ್ತು ಕಿಲೊಮೀಟರಿನಷ್ಟು ದೂರದಲ್ಲಿ, ಹೊನ್ನಾವರದಲ್ಲಿ, ಶರಾವತಿ ಸಮುದ್ರವನ್ನು ಸೇರುತ್ತದೆ. ಅಲ್ಲಿಯೂ ಒಂದು ಕಾಲಕ್ಕೆ ಚಿಪ್ಪಿಯ ಸುಗ್ಗಿಯಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು, ವಿದ್ಯುದಾಗಾರಗಳಿಂದ ಬೇಸಗೆಯಲ್ಲಿಯೂ ಸಿಹಿನೀರು ಹರಿದುಬರತೊಡಗಿದ ಮೇಲೆ ಅಳಿವೆಯ ಉಪ್ಪಿನ ಹದ ತಪ್ಪಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಪರೀಕ್ಷಿಸಿ, ಶರಾವತಿಯಲ್ಲಿ ಚಿಪ್ಪಿಯ ಜಾತಿಗಳು ಕ್ಷೀಣಿಸಿರುವುದನ್ನು ದಾಖಲಿಸಿದ್ದಾರೆ. ಶಿರಸಿಯ ಬಳಿ ಹುಟ್ಟಿ ಸುಮಾರು 120 ಕಿಲೊಮೀಟರು ಹರಿಯುವ ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಗೆಯಲ್ಲಿ ಉಪ್ಪು ಎಂಬ ಹಳೆಯ ಕರಾರು ಇಲ್ಲಿ ಇನ್ನೂ ನಡೆದಿದೆ.

ಆ ಕರಾರಿನ ಮೇಲೆಯೇ ಬೆಳೆಯುವ ಇನ್ನೊಂದು ವಸ್ತುವನ್ನು ಹುಡುಕಿಕೊಂಡು ನಾನು ಒಂದು ಮಧ್ಯಾಹ್ನವೆಲ್ಲ ಅಂಗಡಿಯಿಂದ ಅಂಗಡಿಗೆ ತಿರುಗಿದೆನು. ಅದು ಕಗ್ಗದ ಅಕ್ಕಿ. ಕಗ್ಗವೆಂದೊಡನೆ ಸಾಹಿತ್ಯದ ವಿದ್ಯಾರ್ಥಿಗೆ ಡಿ.ವಿ.ಜಿ.ಯವರು ನೆನಪಾಗುವುದು ಸಹಜ. ಗಜನಿಯ ರೈತನಿಗೆ ಅದು ಗಂಜಿಯ ಹೆಸರು. ಗಜನಿಯೆಂದರೆ ಅಳಿವೆಯ ಅಂಚಿನಲ್ಲಿ ಒಡ್ಡು ಕಟ್ಟಿ ಪಡೆದ ಹಿನ್ನೀರಿನ ಗದ್ದೆ. ಮಳೆ ಬಿದ್ದು ಉಪ್ಪು ತೊಳೆದುಹೋದಾಗ ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಪೈರು ಕೆಲವು ದಿನ ಮುಳುಗಿದರೂ ಕಗ್ಗ ಸಾಯದು; ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವುದು. ಕೊಯ್ಲಾದ ಮೇಲೆ ಹಲಗೆಯ ಬಾಗಿಲು ಎತ್ತಿ ಸಮುದ್ರದ ನೀರನ್ನು ಒಳಬಿಡುತ್ತಾರೆ. ನೀರಿನೊಡನೆ ಮೀನು, ಸಿಗಡಿಗಳೂ ಬಂದು ಕೊಳೆಯುವ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆ ಆರು ತಿಂಗಳು ಅನ್ನ, ಆರು ತಿಂಗಳು ಮೀನು.

ನಾನು ಕೇಳಿದ ಅಂಗಡಿಗಳಲ್ಲಿ ಕಗ್ಗ ಇರಲಿಲ್ಲ. ಬೇರೆ ಸೀಮೆಗಳಿಂದ ಬಂದ ಹೊಳಪಿನ ಅಕ್ಕಿಯ ಚೀಲಗಳು ಚಾವಣಿ ಮುಟ್ಟಿದ್ದವು. ಒಬ್ಬ ಹಿರಿಯ ವ್ಯಾಪಾರಿ ಮಾತ್ರ ಮಾಣಿಕಟ್ಟೆಯ ಕಡೆ ಮನೆಗಳಲ್ಲಿ ವಿಚಾರಿಸಿದರೆ ಸಿಗಬಹುದೆಂದನು. ಕಾರಣಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಒಡ್ಡು ಕಾಯುವುದು ಒಬ್ಬರ ಕೆಲಸವಲ್ಲ, ಊರಿಗೆ ಊರೇ ಕೂಡಬೇಕು. ಒಂದು ಬಾಗಿಲು ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಎಲ್ಲರ ಗದ್ದೆಯೂ ಹಾಳು. ಆ ಕೂಟ ಸಡಿಲಿತು. ಬಳಿಕ ಸಿಗಡಿಯ ಕೃಷಿ ಬಂದು ಎರಡು ಮೂರು ವರ್ಷಗಳಲ್ಲಿ ಶ್ರೀಮಂತರಾಗುವ ಆಸೆ ಹುಟ್ಟಿಸಿತು. 1990ರ ದಶಕದಲ್ಲಿ ಸಿಗಡಿಗೆ ರೋಗ ಬಿದ್ದಾಗ ಹಣವೂ ಹೋಗಿ, ಬಿತ್ತಲು ಬೀಜವೂ ಇಲ್ಲದ ಗದ್ದೆಗಳು ಉಳಿದವು. ಮಾಣಿಕಟ್ಟೆಯವರು ಒಟ್ಟಾಗಿ ನಿಂತು ಬೀಜವನ್ನು ಉಳಿಸಿಕೊಂಡದ್ದು ಸಣ್ಣ ಸಾಧನೆಯಲ್ಲ. ಪೇಟೆಯ ಗುರಿಯನ್ನು ನಾವು ಲಾಭವೊಂದೇ ಎಂದು ತಿಳಿದರೆ ಇದನ್ನು ದೂರುವಂತಿಲ್ಲ. ಆದರೆ ನಾಲ್ಕು ಹರದಾರಿಯಾಚೆಯ ಅನ್ನ ತಕ್ಕಡಿಗೇ ಬಾರದಿರುವುದು ಯಾವ ಪೇಟೆಗೂ ಶೋಭೆಯಲ್ಲ.

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಅಘನಾಶಿನಿ ಎಂಬ ನದಿಯ ಹೆಸರಿನದೇ ಹಳ್ಳಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ತದಡಿಗೆ ದಾಟಬೇಕು. ಈ ದಾಟು ಕೆಲವೇ ನಿಮಿಷಗಳದು, ಸಾಲದೆನ್ನಿಸುವಷ್ಟು ಚಿಕ್ಕದು. ಒಂದು ಕಡೆ ತೆರೆದ ಕಡಲು, ಇನ್ನೊಂದು ಕಡೆ ಕಾಂಡ್ಲಾಗಿಡಗಳ ಹಸುರು, ಅವುಗಳ ಹಿಂದೆ ಘಟ್ಟದ ನೀಲಿ. 2024ರ ಜನವರಿಯಲ್ಲಿ ಈ ಅಳಿವೆಯನ್ನು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ವಿಸ್ತೀರ್ಣ 4801 ಹೆಕ್ಟೇರು. ಪ್ರಪಂಚವೇ ಕಾಪಾಡಬೇಕೆಂದು ಗುರುತಿಸಿದ ಜೌಗು ಪ್ರದೇಶಗಳ ಪಟ್ಟಿ ಅದು. ಇತ್ತ ತದಡಿಯಲ್ಲಿ ದೊಡ್ಡ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಎಂಬ ಯೋಜನೆಗಳು ಬಂದವು. ನದಿಯ ನೀರನ್ನು ಘಟ್ಟದ ಮೇಲಿನಿಂದಲೇ ಪೂರ್ವಕ್ಕೆ ತಿರುಗಿಸುವ ಯೋಜನೆಯೂ ಎದ್ದಿದೆ. ಜಿಲ್ಲೆಯ ಜನ ಅದನ್ನು ವಿರೋಧಿಸಿ ಸಭೆ ಸೇರುತ್ತಿದ್ದಾರೆ. ಬಯಲುಸೀಮೆಗೆ ನೀರು ಬೇಡವೆಂದು ಯಾರೂ ಹೇಳಲಾರರು. ಲೆಕ್ಕ ಹಾಕುವಾಗ ಸಮುದ್ರಕ್ಕೆ ಹೋಗುವ ನೀರನ್ನು ‘ವ್ಯರ್ಥ’ವೆಂಬ ಅಂಕಣದಲ್ಲಿ ಬರೆಯುತ್ತಾರಲ್ಲ, ನನ್ನ ಆಕ್ಷೇಪಣೆ ಆ ಅಂಕಣದ ಮೇಲೆ. ಹಿಂದಿನ ದಿನ ಪೇಟೆಯಲ್ಲಿ ತಕ್ಕಡಿಗೆ ಬಿದ್ದ ಬಳಚು, ತಕ್ಕಡಿಗೆ ಬಾರದ ಕಗ್ಗ ಎರಡೂ ಆ ವ್ಯರ್ಥವಾದ ನೀರಿನಿಂದಲೇ ಆದುವು.

ತದಡಿಯಿಂದ ಸಾಣಿಕಟ್ಟೆಗೆ ಹತ್ತಿರ. ಪಕ್ಕದ ಹನೇಹಳ್ಳಿ ಗಂಗಾಧರ ಚಿತ್ತಾಲ, ಯಶವಂತ ಚಿತ್ತಾಲ ಸಹೋದರರ ಊರು. ಮುಂಬಯಿಯಲ್ಲಿ ಬಾಳಿಯೂ ಯಶವಂತರು ಕತೆಗಳಲ್ಲಿ ಮತ್ತೆ ಮತ್ತೆ ಹಿಂತಿರುಗಿದ ಹಳ್ಳಿ ಇದು. ಅವರನ್ನು ಓದಿದವರಿಗೆ ಈ ಬಯಲಿನ ಬಿಳುಪು ತೀರ ಅಪರಿಚಿತವೆನಿಸದು. ಉಪ್ಪಿನ ಮಡಿಗಳು ಕನ್ನಡಿಗಳಂತೆ ಬಿಸಿಲಿಗೆ ಹಾಸಿವೆ. ಉಬ್ಬರದ ನೀರನ್ನು ಕಾಲುವೆಯಿಂದ ಒಳತಂದು, ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲು ಗಾಳಿಗಳಿಗೆ ಒಪ್ಪಿಸುತ್ತಾರೆ. ಮಡಿಯ ತಳವನ್ನು ಕಾಲಿನಿಂದ ತುಳಿದು ಗಟ್ಟಿಮಾಡುವ ಕೆಲಸ ಜನವರಿಯ ಹೊತ್ತಿಗೆ ಆಗಿರಬೇಕು. ಹರಳು ಕಟ್ಟಿದಂತೆ ಉದ್ದ ಕೋಲಿನ ಹಲಗೆಯಿಂದ ಎಳೆದು ಒಡ್ಡಿನ ಮೇಲೆ ಗುಡ್ಡೆ ಹಾಕುತ್ತಾರೆ. ಅಕಾಲದಲ್ಲಿ ಒಂದು ಮಳೆ ಬಿದ್ದರೆ ವಾರಗಳ ದುಡಿಮೆ ನೀರಾಗಿ ಹೋಗುವುದು. 1930ರಲ್ಲಿ ಅಂಕೋಲೆಯವರು ಕಾನೂನು ಮುರಿದು ಉಪ್ಪು ಹಿಡಿದು ನಿಂತಾಗ ಅವರ ಮುಷ್ಟಿಯಲ್ಲಿದ್ದುದು ಇದೇ ಕಡಲಿನ ಹರಳು.

ಈ ಉಪ್ಪು ಅಂಗಡಿಯ ಪುಡಿಯುಪ್ಪಿನಂತೆ ಬೆಳ್ಳಗಿಲ್ಲ. ಮಣ್ಣಿನ ಛಾಯೆ ಹೊತ್ತ ದಪ್ಪ ಹರಳು. ಮಿಡಿ ಮಾವಿನ ಉಪ್ಪಿನಕಾಯಿಗೆ ಇದೇ ಬೇಕೆಂದು ಘಟ್ಟದ ಮೇಲಿನ ಹೆಂಗಸರು ಹಟ ಹಿಡಿಯುತ್ತಾರೆ. ಜೂನ್ ಮೊದಲ ದಿನದಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ ಅಷ್ಟರೊಳಗೆ ಮೀನನ್ನು ಒಣಗಿಸಿಡಲೂ ಉಪ್ಪು ಬೇಕು. ನಾನು ಹೋದಾಗ ಒಡ್ಡಿನ ಗುಡ್ಡೆಗಳನ್ನು ಬುಟ್ಟಿ ತುಂಬಿ ಕೊಟ್ಟಡಿಗೆ ಸಾಗಿಸುತ್ತಿದ್ದರು. ಹೊತ್ತವರಲ್ಲಿ ಬಹುಪಾಲು ಹೆಂಗಸರು; ಪಡುವಣದಲ್ಲಿ ಒಂದು ತುಂಡು ಮೋಡ ಎದ್ದಿತ್ತು, ಎಲ್ಲರೂ ಅದನ್ನು ಓರೆಗಣ್ಣಿನಿಂದ ನೋಡುತ್ತ ಬೇಗ ಬೇಗ ನಡೆಯುತ್ತಿದ್ದರು.