ಬೇಟೆಮೀನಿನ ಊಟ: ಕೆರೆಯಿಂದ ಗಾಜಿನ ತೊಟ್ಟಿಗೆ

ಮಲೆನಾಡು ಬಯಲುಸೀಮೆಗೆ ಇಳಿಯುವ ಸೆರಗಿನಲ್ಲಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ನಾಡು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬಶಾಸನವು ಕದಂಬರ ಕಾಕುಸ್ಥವರ್ಮನು ಅಲ್ಲಿಯ ದೇವಾಲಯಕ್ಕೆಂದು ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುವುದರಿಂದ, ಇಲ್ಲಿ ನೀರು ನಿಲ್ಲಿಸುವ ಕೆಲಸಕ್ಕೆ ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚಿನ ದಾಖಲೆಯಿದೆ. ಈ ಕೆರೆಗಳನ್ನು ಕುರಿತ ಬರವಣಿಗೆ ಹೆಚ್ಚಾಗಿ ನೀರಾವರಿಯ ಲೆಕ್ಕದಲ್ಲೇ ನಿಂತಿದ್ದು, ಅವುಗಳಲ್ಲಿ ನಡೆದುಬಂದ ಇನ್ನೊಂದು ವ್ಯವಸ್ಥೆಯತ್ತ, ಎಂದರೆ ಇತರ ಮೀನುಗಳನ್ನು ಜೀವಂತವಾಗಿ ನುಂಗಿ ಬದುಕುವ ಬೇಟೆಮೀನುಗಳಿಗೆ ವರ್ಷವಿಡೀ ಊಟ ಒದಗುತ್ತಿದ್ದ ಬಗೆಯತ್ತ, ಗಮನ ಹರಿದದ್ದು ಕಡಿಮೆ. ಇಂದು ಮನೆಯ ಅಕ್ವೇರಿಯಂನಲ್ಲಿ ಆಸ್ಕರ್, ಅರೋವಾನ, ಕೊರವ ಮುಂತಾದ ಬೇಟೆಮೀನುಗಳನ್ನು ಇಟ್ಟುಕೊಂಡವರು ಅವುಗಳ ಆಹಾರಕ್ಕೆಂದು ಸಾಕುವ ಸಣ್ಣ ಮೀನುಗಳು, ಅಂಗಡಿಯವರ ಮಾತಿನಲ್ಲಿ ‘ಫೀಡರ್ ಮೀನುಗಳು’, ಕೆರೆಯು ತಾನಾಗಿ ಮಾಡುತ್ತಿದ್ದ ಕೆಲಸವನ್ನೇ ಮನುಷ್ಯನ ಕೈಗೆ ವಹಿಸಿವೆ. ಆ ಕೆಲಸ ಎಷ್ಟು ದೊಡ್ಡದೆಂಬುದು ಕೆರೆಯನ್ನು ನೋಡದೆ ತಿಳಿಯುವುದಿಲ್ಲ.

ಮುಂಗಾರಿನ ಮೊದಲ ದೊಡ್ಡ ಮಳೆಗೆ ಕೆರೆ, ಹಳ್ಳಗಳ ಸಣ್ಣ ಮೀನುಗಳು ಹರಿಯುವ ನೀರಿಗೆ ಎದುರಾಗಿ ಕೋಡಿ, ಕಾಲುವೆಗಳನ್ನು ಹಿಡಿದು ಗದ್ದೆಗಳಿಗೆ ಏರುತ್ತವೆ. ಮಲೆನಾಡಿನವರು ‘ಹತ್ತುಮೀನು’ ಎಂದು ಕರೆಯುವ ಈ ಏರಾಟದ ಉದ್ದೇಶ ಮೊಟ್ಟೆಯಿಡುವುದು. ಗೇಣುದ್ದದ ನೀರಿರುವ ಗದ್ದೆಯಲ್ಲಿ ದೊಡ್ಡ ಬೇಟೆಮೀನಿಗೆ ಈಜಲು ಎಡೆಯಿಲ್ಲದಿರುವುದರಿಂದ ಮರಿಗಳು ಅಲ್ಲಿ ನಿರಾತಂಕವಾಗಿ ಬೆಳೆದು, ಗದ್ದೆಯ ನೀರು ಇಳಿಯುವಾಗ ಅದರೊಂದಿಗೇ ಕೆರೆಗೆ ಮರಳಿ, ಅಲ್ಲಿ ಕಾದಿರುವ ಕೊರವ ಮತ್ತು ಬಾಳೆಮೀನುಗಳಿಗೆ ಆಹಾರವಾಗುತ್ತವೆ. ಸೊರಬ ತಾಲ್ಲೂಕಿನ ಗುಡವಿ ಕೆರೆಯಲ್ಲಿ ನೆಲೆಸುವ ನೀರುಕಾಗೆ, ಹಾವಕ್ಕಿಗಳೂ ಇದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತವು. ಮರಿಗಳಿಗೆ ಗದ್ದೆ, ಬೇಟೆಗೆ ಕೆರೆ ಎಂಬ ಈ ಪ್ರತ್ಯೇಕ ವಸತಿಯೇ ವ್ಯವಸ್ಥೆಯ ಜೀವಾಳವಾಗಿದ್ದು, ಎರಡೂ ಒಂದೇ ಹೊಂಡದಲ್ಲಿದ್ದಿದ್ದರೆ ಸಣ್ಣ ಮೀನಿನ ಸಂತತಿ ಬೇಗನೆ ಕುಗ್ಗಿಹೋಗುತ್ತಿತ್ತು.

ಬೇಸಿಗೆಯಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದಾಗ ಈ ಸೀಮೆಯ ಹಳ್ಳಿಗಳಲ್ಲಿ ನಡೆಯುವ ಕೆರೆಬೇಟೆಯು ಆ ವರ್ಷದ ಆಹಾರ ಸರಪಳಿಯ ಕೊನೆಯ ಕೊಂಡಿ. ಇದಕ್ಕೆ ಬಳಸುವ ಕೂಣಿಯು ಬಿದಿರಿನಿಂದ ಹೆಣೆದ, ಎರಡೂ ತುದಿ ತೆರೆದಿರುವ, ಕೆಳಗೆ ಅಗಲವಾಗಿ ಮೇಲೆ ಕಿರಿದಾದ ಸಾಧನ. ಅದನ್ನು ಕೆಸರಿಗೆ ಒತ್ತಿ, ಒಳಗೆ ಮೀನು ಬಡಿದುಕೊಂಡ ಸದ್ದಾದೊಡನೆ ಮೇಲಿನ ಕಿಂಡಿಯಿಂದ ತೋಳು ಇಳಿಸಿ ತಡಕಿ ಹಿಡಿಯುತ್ತಾರೆ. ಕೈಗೆ ತಗಲಿದ್ದು ಕೊರವವೋ, ಎದೆರೆಕ್ಕೆಯಲ್ಲಿ ವಿಷದ ಮುಳ್ಳಿರುವ ಚೇಳುಮೀನೋ ಎಂಬುದನ್ನು ಬೆರಳ ತುದಿಯಲ್ಲೇ ತಿಳಿಯುವ ಜಾಣ್ಮೆ ಇಲ್ಲಿ ಬೇಕಾಗುತ್ತದೆ.

ಮೀನಿಗೆ ಬೇಕೆಂದೇ ಆಹಾರ ಕೊಟ್ಟು ಬೆಳೆಸುವ ವಿದ್ಯೆಯೂ ಕನ್ನಡ ನಾಡಿಗೆ ಹೊಸತಲ್ಲ. ಇದೇ ಸೀಮೆಯ ಬಳ್ಳಿಗಾವಿಯು ಬನವಾಸಿ ನಾಡಿನ ದೊಡ್ಡ ಪಟ್ಟಣವಾಗಿದ್ದ ಕಾಲದಲ್ಲಿ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗದಲ್ಲಿ ಮೀನಿನ ಬಗೆಗಳು, ಅವುಗಳಿಗೆ ಹಾಕಬೇಕಾದ ಆಹಾರ ಮತ್ತು ಗಾಳದ ಕ್ರಮಗಳ ವಿವರಣೆಯಿದೆ. ಅರಮನೆಯ ಈ ವಿನೋದಕ್ಕೂ ಹಳ್ಳಿಯ ಕೆರೆಬೇಟೆಗೂ ನೇರ ನಂಟು ಕಲ್ಪಿಸಲು ಆಧಾರವಿಲ್ಲವಾದರೂ, ಮೀನಿನ ಊಟವನ್ನು ಶಾಸ್ತ್ರದ ವಿಷಯವಾಗಿ ಕಂಡ ದೃಷ್ಟಿ ಗಮನಾರ್ಹವಾದುದು.

ಕೆರೆಯ ಹಳೆಯ ಪಂಕ್ತಿ ಕದಡಿದ್ದು 20ನೇ ಶತಮಾನದಲ್ಲಿ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸುವ ವಿಧಾನವನ್ನು ಸಾಧಿಸಿದ ಮೇಲೆ ಕಾಟ್ಲಾ, ರೋಹು ಮರಿಗಳು ಎಲ್ಲೆಡೆ ದೊರೆಯತೊಡಗಿ, ಕೊಳಗಳಿಗೆ ಮರಿ ಬಿಡುವ ಮುನ್ನ ಇಪ್ಪೆ ಹಿಂಡಿ ಹಾಕಿ ಬೇಟೆಮೀನುಗಳನ್ನೂ ‘ಕಳೆಮೀನು’ ಎನಿಸಿಕೊಂಡ ಸಣ್ಣ ಮೀನುಗಳನ್ನೂ ಒಟ್ಟಿಗೆ ಕೊಲ್ಲುವುದು ಮೀನು ಕೃಷಿಯ ಪಾಠವಾಯಿತು. ಉಣ್ಣುವವನನ್ನೂ ಊಟವನ್ನೂ ಏಕಕಾಲಕ್ಕೆ ಶತ್ರುವೆಂದು ಬಗೆದ ಈ ಪಾಠದಿಂದ ಜನರಿಗೆ ಆಹಾರ ಹೆಚ್ಚಿತೆಂಬುದು ನಿಜ. ನಾಟಿ ಮೀನುಗಳ ವೈವಿಧ್ಯಕ್ಕೆ ಅದು ಮಾಡಿದ ಹಾನಿಯೂ ಅಷ್ಟೇ ನಿಜ. ಇದರ ಮೇಲೆ, ಭಾರತದಲ್ಲಿ 1988ರಲ್ಲಿ ಕಾಣಿಸಿಕೊಂಡು ಹರಡಿದ ಹುಣ್ಣುರೋಗವು, ಎಂದರೆ ಮೈಯ ಮಾಂಸವನ್ನೇ ಕೊರೆಯುವ ಶಿಲೀಂಧ್ರಸದೃಶ ಜೀವಿಯಿಂದ ಬರುವ ಕಾಯಿಲೆಯು, ಬೇರೆಲ್ಲಕ್ಕಿಂತ ಕೊರವದ ಜಾತಿಯನ್ನೇ ಹೆಚ್ಚಾಗಿ ಬಾಧಿಸಿತು.

ಇದೇ ಶತಮಾನದಲ್ಲಿ ಹೊರಗಿನ ಸಣ್ಣ ಮೀನುಗಳು ಒಳಬಂದವು. ದಕ್ಷಿಣ ಅಮೆರಿಕ ಮೂಲದ ಗಪ್ಪಿ ಶತಮಾನದ ಆರಂಭದಲ್ಲಿಯೂ ಗ್ಯಾಂಬೂಸಿಯಾ 1928ರಲ್ಲಿ ಇಟಲಿಯ ಮೂಲಕವೂ ಭಾರತಕ್ಕೆ ಬಂದದ್ದು ಸೊಳ್ಳೆಯ ಮರಿಗಳನ್ನು ತಿಂದು ಮಲೇರಿಯಾ ತಗ್ಗಿಸಲೆಂದು. ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗವೂ ಇದೇ ಉದ್ದೇಶದ್ದು. ಮೊಟ್ಟೆಯಿಡದೆ ಮರಿಯನ್ನೇ ಹಾಕುವ, ಸುಮಾರು ನಾಲ್ಕು ವಾರಕ್ಕೊಮ್ಮೆ ಹೆರುವ, ಕೊಳಕು ನೀರನ್ನೂ ತಾಳುವ ಗಪ್ಪಿಯ ಗುಣಗಳೇ ಅದನ್ನು ಮುಂದೆ ಬೇಟೆಮೀನಿನ ಊಟಕ್ಕೆ ಹೇಳಿಮಾಡಿಸಿದ ಮೀನನ್ನಾಗಿಸಿದವು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆದ ನಂತರದ ದಶಕಗಳಲ್ಲಿ ಅಲಂಕಾರಿಕ ಮೀನಿನ ಹವ್ಯಾಸ ಸಣ್ಣ ಪೇಟೆಗಳಿಗೂ ಹರಡಿದಂತೆ, ಗಪ್ಪಿಯ ಜೊತೆಗೆ ಅಗ್ಗದ ಗೋಲ್ಡ್‌ಫಿಶ್ ಮರಿಗಳೂ ಫೀಡರ್ ಆಗಿ ಮಾರಾಟವಾಗತೊಡಗಿದವು.

ಅಗ್ಗವಾದದ್ದೇ ಅಪಾಯಕ್ಕೆ ದಾರಿಯಾಯಿತು. 1930ರ ದಶಕದಲ್ಲಿ ಅಮೆರಿಕದ ಮಿನೆಸೋಟದಲ್ಲಿ ತುಪ್ಪಳಕ್ಕಾಗಿ ಸಾಕಿದ್ದ ನರಿಗಳು ಹಸಿ ಗೆಂಡೆಮೀನು ತಿಂದು ಕಾಲು ಸೋತು ಸತ್ತದ್ದರ ಕಾರಣವನ್ನು ಹುಡುಕಿ ಹೊರಟಾಗ, ಆ ಮೀನಿನಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬಿ1 ಜೀವಸತ್ವವನ್ನು ನಾಶಮಾಡುತ್ತದೆ ಎಂಬುದು ಕ್ರಮೇಣ ತಿಳಿದುಬಂತು. ಗೋಲ್ಡ್‌ಫಿಶ್ ಗೆಂಡೆಯ ಕುಟುಂಬಕ್ಕೇ ಸೇರಿದ್ದರಿಂದ, ಅದೊಂದನ್ನೇ ತಿಂಗಳುಗಟ್ಟಲೆ ತಿಂದ ಬೇಟೆಮೀನು ಹೊಟ್ಟೆ ತುಂಬಿಯೂ ಸೊರಗುತ್ತದೆ. ಕಿಣ್ವವು ಬೇಯಿಸಿದರೆ ನಾಶವಾಗುತ್ತದೆಯೇ ಹೊರತು ಫ್ರೀಜರಿನಲ್ಲಿಟ್ಟರೆ ಅಲ್ಲ. ಕೆರೆಯ ಕೊರವವೂ ಗೆಂಡೆಯ ಕುಟುಂಬದ ಸಣ್ಣ ಮೀನುಗಳನ್ನು ತಿನ್ನುತ್ತದೆಯಲ್ಲ ಎಂಬ ಪ್ರಶ್ನೆ ಏಳಬಹುದು. ಅದಕ್ಕೆ ಕೆರೆಯಲ್ಲಿ ಸೀಗಡಿ, ಕಪ್ಪೆ, ನೀರಹುಳು ಎಲ್ಲವೂ ಸಿಗುತ್ತವೆ. ತೊಟ್ಟಿಯ ಮೀನಿಗೆ ಸಿಗುವುದು ಹಾಕಿದ್ದು ಮಾತ್ರ.

ರೋಗದ ಅಪಾಯ ಇದಕ್ಕಿಂತ ಬೇಗ ಎರಗುತ್ತದೆ. ನೂರಾರು ಮರಿಗಳನ್ನು ಕಿಕ್ಕಿರಿದು ತುಂಬಿದ ತೊಟ್ಟಿಯಿಂದ ತಂದ ಮೀನು ಬಿಳಿಚುಕ್ಕಿ ರೋಗವನ್ನು ಹೊತ್ತು ತರುವುದು ಸಾಮಾನ್ಯ. ಅದರ ಪರಾವಲಂಬಿಯು ಮೀನಿನ ಚರ್ಮದಿಂದ ಕಳಚಿ ತಳಕ್ಕೆ ಬಿದ್ದು, ಒಂದು ನೂರಾರಾಗಿ ಒಡೆದು, ಮತ್ತೆ ಮೀನನ್ನು ಹುಡುಕಿ ಈಜುತ್ತದೆ. ಔಷಧಿಗೆ ಸಿಗುವುದು ಈ ಈಜುವ ಹಂತ ಮಾತ್ರವಾದ್ದರಿಂದ, ಹೊಸ ಫೀಡರ್ ಮೀನನ್ನು ಮೂರು ವಾರವಾದರೂ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡುವುದು ಅಗತ್ಯ. ಗದ್ದೆ, ಕಾಲುವೆಯಲ್ಲಿ ಹಿಡಿದು ತಂದ ಮರಿಗಳಿಗೆ ಹುಣ್ಣುರೋಗದ ಶಂಕೆಯೂ ಸೇರುವುದರಿಂದ ಅವುಗಳನ್ನು ಬಳಸದಿರುವುದೇ ಲೇಸು.

ಆದ್ದರಿಂದ ಬಲ್ಲವರು ಫೀಡರ್ ಮೀನನ್ನು ಕೊಳ್ಳುವುದಕ್ಕಿಂತ ಮನೆಯಲ್ಲೇ ಬೆಳೆಸುತ್ತಾರೆ. ಒಂದು ಗಂಡಿಗೆ ಎರಡು ಮೂರು ಹೆಣ್ಣಿನಂತೆ ಗಪ್ಪಿಗಳನ್ನು ಬಿಟ್ಟ ತೊಟ್ಟಿಗೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಇಟ್ಟರೆ, ಸ್ಪಾಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ಮಲಮೂತ್ರದ ಅಮೋನಿಯವನ್ನು ಕಡಿಮೆ ವಿಷದ ನೈಟ್ರೇಟಾಗಿ ಮಾರ್ಪಡಿಸುತ್ತವೆ. ತಾಯಿಯೇ ಮರಿಗಳನ್ನು ತಿನ್ನುವುದರಿಂದ ದಟ್ಟ ನೀರುಗಿಡದ ಆಸರೆ ಬೇಕು, ಅದು ಗದ್ದೆ ಮಾಡುತ್ತಿದ್ದ ಕೆಲಸವೇ. ಬೇಟೆಮೀನಿಗೆ ಹಾಕುವ ಮುನ್ನ ಈ ಗಪ್ಪಿಗಳಿಗೆ ಒಳ್ಳೆಯ ಮೇವು ಉಣಿಸಿರಬೇಕು, ಏಕೆಂದರೆ ಬೇಟೆಮೀನಿಗೆ ದಕ್ಕುವುದು ಅವುಗಳ ಹೊಟ್ಟೆಯಲ್ಲಿರುವುದೂ ಹೌದು. ನುಂಗಿಸಿಕೊಳ್ಳಲೆಂದೇ ಇರುವ ಮೀನಿಗೆ ಇಷ್ಟು ಆರೈಕೆ ಏಕೆಂದು ಅಲಕ್ಷಿಸುವುದು ಕ್ರೌರ್ಯವೂ ಹೌದು, ನಷ್ಟವೂ ಹೌದು. ಬೇಟೆಮೀನಿನ ತಲೆಗಿಂತ ಚಿಕ್ಕದಾದ ಮೀನನ್ನು, ಆಗಲೇ ಮುಗಿಯುವಷ್ಟೇ ಹಾಕಿ, ಉಳಿದದ್ದನ್ನು ಹಿಂತೆಗೆಯಬೇಕು. ಬೆದರಿದ ಮೀನನ್ನು ದಿನವಿಡೀ ಅಟ್ಟಾಡಿಸುವುದನ್ನು ನೋಡಿ ನಲಿಯುವುದು ಸಾಕಣೆಯಲ್ಲ. ಆಸ್ಕರ್ ಮತ್ತು ಕೊರವಗಳನ್ನು ಕೆಲವು ದಿನ ಹಸಿವಿನಲ್ಲಿಟ್ಟು, ಮೊದಲು ಸೀಗಡಿ ಚೂರಿಗೂ ಬಳಿಕ ಒಣಗುಳಿಗೆಗೂ ಒಗ್ಗಿಸಿದರೆ ಜೀವಂತ ಮೀನಿನ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ.

ಸಾಕಲಾಗದೆ ಉಳಿದ ಗಪ್ಪಿಯನ್ನೂ ತೊಟ್ಟಿ ಮೀರಿ ಬೆಳೆದ ಬೇಟೆಮೀನನ್ನೂ ಪುಣ್ಯವೆಂದು ಕೆರೆಗೆ ಬಿಡುವವರಿದ್ದಾರೆ. ಇದರಿಂದಾಗುವುದು ಹಾನಿಯೇ: ಗಪ್ಪಿಯಂತೆಯೇ ಹೊರಗಿನಿಂದ ಬಂದ ಗ್ಯಾಂಬೂಸಿಯಾವು ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಇದೇ ಸೀಮೆಯ ಅಂಜನಾಪುರದ ಜಲಾಶಯಕ್ಕೆ ಬಿದ್ದ ಮೀನು ಕುಮುದ್ವತಿ ನದಿಯ ಹಾದಿಯಲ್ಲಿ ತುಂಗಭದ್ರೆಯನ್ನೂ ತಲುಪಬಲ್ಲದು. ಹೆಚ್ಚಾದ ಮೀನನ್ನು ಅಂಗಡಿಗೋ ಬೇರೆ ಸಾಕಣೆದಾರರಿಗೋ ಕೊಡಬೇಕು. ತೊಟ್ಟಿ ತೊಳೆದ ನೀರನ್ನು, ಅದರಲ್ಲಿ ಕಣ್ಣಿಗೆ ಬೀಳದ ಮರಿಗಳೂ ರೋಗಾಣುಗಳೂ ಇರಬಹುದಾದ್ದರಿಂದ, ಕೆರೆಗೆ ಸೇರುವ ಚರಂಡಿಗೆ ಬಿಡದೆ ಅಡಿಕೆ ಗಿಡದ ಬುಡಕ್ಕೆ ಸುರಿಯಬೇಕು.